ಜಾರ್ಜಿಯಾದಲ್ಲಿ ಮದುವೆ ಲೈಸೆನ್ಸ್ ತಗೊಂಡವರೇ, ಸರ್ಟಿಫೈಡ್ ಕಾಪಿಗೆ ಈ ವೆಬ್‌ಸೈಟ್‌ಗಳ ಹತ್ತಿರ ಹೋಗಬೇಡಿ

ಅಮೆರಿಕದಲ್ಲಿ ಮೊದಲು ಕಾಗದದ ಮದುವೆ ಮಾಡಿಕೊಂಡು, ಆಮೇಲೆ ಊರಿಗೆ ಹೋಗಿ ಧಾರೆ ಎರೆಸಿಕೊಂಡ ಕನ್ನಡದವರು ಬೇಕಾದಷ್ಟು ಜನ ಇದ್ದೀರಿ. ನಿಮಗೋಸ್ಕರಾನೇ ಇದನ್ನ ಬರೆಯುತ್ತಿದ್ದೇನೆ. ಮದುವೆ ದಾಖಲೆ ತೆಗೆಸಿಕೊಡ್ತೀವಿ ಅಂತ ಗೂಗಲ್‌ನಲ್ಲಿ ಮೇಲ್ಗಡೆ ಬರುವ ವೆಬ್‌ಸೈಟ್‌ಗಳಿಗೆ ಒಂದು ಡಾಲರ್ ಕೂಡ ಕೊಡಬೇಡಿ. ಕೋರ್ಟಿನಲ್ಲಿ ಹತ್ತು ಡಾಲರ್‌ಗೆ ಸಿಗುವ ಕಾಗದಕ್ಕೆ ನಾನು 129 ಡಾಲರ್ ಕಟ್ಟಿದೆ. ಆ ಕಾಗದವಾದರೂ ಬಂತಾ? ಇಲ್ಲ. ಬಂದಿದ್ದೇನು ಅಂತ ಮುಂದೆ ಹೇಳುತ್ತೇನೆ, ಓದಿ ನಗಬೇಡಿ.

ನಮ್ಮದು 2016ರ ಮದುವೆ. ಶಿವಮೊಗ್ಗದಲ್ಲಿ ಛತ್ರ ಸಿಗುವುದು ಇನ್ನೂ ತಡ ಇತ್ತು, ಇಲ್ಲಿ ನೋಡಿದರೆ ಇವರ ಆಫೀಸಿನ ಇನ್ಶೂರೆನ್ಸಿಗೆ ನನ್ನ ಹೆಸರು ಸೇರಿಸಬೇಕಿತ್ತು, ನನ್ನ ವೀಸಾದ ತಲೆನೋವು ಬೇರೆ. ಆಗ ಅಟ್ಲಾಂಟಾ ಕಡೆ ಇದ್ದೆವು. ಜಾರ್ಜಿಯಾದಲ್ಲಿ ಮದುವೆ ಲೈಸೆನ್ಸ್, ಅಂದರೆ ಮದುವೆಯಾಗೋಕೆ ಅನುಮತಿ ಪತ್ರ, ಕೊಡುವುದು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಪ್ರೊಬೇಟ್ ಕೋರ್ಟ್, ಅದೇ ವಿಲ್ಲು ಆಸ್ತಿ ವಿಚಾರ ನೋಡುವ ಕೋರ್ಟ್. ಇಬ್ಬರೂ ಒಟ್ಟಿಗೆ ಹೋಗಬೇಕು, ಪಾಸ್‌ಪೋರ್ಟ್ ತೋರಿಸಬೇಕು, ಆಗ ಫೀ 56 ಡಾಲರ್ ಇತ್ತು. ಮದುವೆಗೆ ಮುಂಚಿನ ಆರು ಗಂಟೆ ಕ್ಲಾಸ್ ಮಾಡಿದ್ದರೆ 16 ಡಾಲರ್ ಅಂತ ಕೌಂಟರಿನಲ್ಲಿ ಹೇಳಿದರು, ನಮಗೆ ಅಷ್ಟು ಪುರುಸೊತ್ತು ಎಲ್ಲಿತ್ತು. ಕಾಯುವ ನಿಯಮ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಪರಿಚಯದ ಪುರೋಹಿತರು ಎರಡು ಮಂತ್ರ ಹೇಳಿ ಲೈಸೆನ್ಸಿಗೆ ಸಹಿ ಹಾಕಿದರು, ಅದನ್ನ ವಾಪಸ್ ಕೋರ್ಟಿಗೆ ಕಳಿಸಿದರು, ಕೋರ್ಟ್ ರೆಕಾರ್ಡ್ ಮಾಡಿಕೊಂಡಿತು. ಇಷ್ಟೇ. ಎಷ್ಟು ಸಲೀಸಾಗಿತ್ತು ಅಂದರೆ ಮುಂದೆ ಇದರಿಂದಲೇ ತೊಂದರೆ ಬರುತ್ತೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಈಗ ಟೆಕ್ಸಾಸ್‌ನಲ್ಲಿದ್ದೇವೆ. ಮನೆ ಬದಲಾಯಿಸುವಾಗ ಕೋರ್ಟ್ ಸೀಲ್ ಹಾಕಿ ಕೊಟ್ಟಿದ್ದ ಮದುವೆ ದಾಖಲೆಯ ಸರ್ಟಿಫೈಡ್ ಕಾಪಿ ಇದ್ದ ಫೈಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟರಲ್ಲಿ ಇವರ ಡೇಟ್ ಕರೆಂಟ್ ಆಯಿತು, ಅಂದರೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಸರದಿ ಬಂತು. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾದವರಿಗೆ ಆ ಮಾತಿನ ಅರ್ಥ ಗೊತ್ತು, ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ಸರದಿ ಪಟ್ಟಿಯ ಮುಂದಿನ ಬುಲೆಟಿನ್‌ನಲ್ಲಿ ಡೇಟ್ ಹಿಂದಕ್ಕೆ ಹೋಗಿಬಿಟ್ಟರೆ ಮತ್ತೆ ಕಾಯಬೇಕು. ಲಾಯರ್ ಆಫೀಸಿನಿಂದ ಮೇಲ್: ಗ್ರೀನ್ ಕಾರ್ಡ್ ಅರ್ಜಿ ಐ-485 ಜೊತೆಗೆ ಹಾಕೋಕೆ ಕೌಂಟಿಯ ಸರ್ಟಿಫೈಡ್ ಕಾಪಿ ಬೇಕು, ಬೇಗ ಕಳಿಸಿ. ಪುರೋಹಿತರು ಕೊಟ್ಟಿದ್ದ ಚೆಂದದ ಬಾರ್ಡರಿನ ಸರ್ಟಿಫಿಕೇಟ್ ಇತ್ತು, ಅದು ಗೋಡೆಗೆ ಹಾಕೋಕೆ ಮಾತ್ರ.

ನಮ್ಮ ಕೌಂಟಿ ಹೆಸರು, ಮುಂದೆ ಮ್ಯಾರೇಜ್ ರೆಕಾರ್ಡ್ಸ್ ಅಂತ ಹೊಡೆದೆ. ಮೊದಲು ಬಂದ ಲಿಂಕ್ ಒತ್ತಿದೆ. ನೋಡಿದರೆ ಸಾಕ್ಷಾತ್ ಕೋರ್ಟ್ ವೆಬ್‌ಸೈಟ್. ಮೇಲೆ ಗುಮ್ಮಟದ ಕಟ್ಟಡ, ಪಕ್ಕದಲ್ಲಿ ತಕ್ಕಡಿ, ಕೌಂಟಿಯ ಹೆಸರು ದಪ್ಪ ಅಕ್ಷರದಲ್ಲಿ. ಒಂದೊಂದೇ ಪ್ರಶ್ನೆ. ಗಂಡನ ಹೆಸರು, ಹೆಂಡತಿಯ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ಊರು, ತಂದೆ ತಾಯಿ ಹೆಸರು, ಸೋಷಿಯಲ್ ಸೆಕ್ಯುರಿಟಿ ನಂಬರ್. ಎಲ್ಲ ತುಂಬಿಸಿಕೊಂಡ ಮೇಲೆ ಕೊನೆಯ ಪುಟದಲ್ಲಿ ದುಡ್ಡು. 89 ಡಾಲರ್, ಬೇಗ ಬೇಕಿದ್ದರೆ ಇನ್ನೂ 40. ಇಷ್ಟೆಲ್ಲಾ ಟೈಪ್ ಮಾಡಿದವರು ಅಲ್ಲಿಂದ ಎದ್ದು ಹೋಗಲ್ಲ ಅಂತ ಅವರಿಗೆ ಗೊತ್ತು, ಅದಕ್ಕೇ ಬೆಲೆ ಕೊನೆಯಲ್ಲಿ ಇಟ್ಟಿರೋದು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು ರೀ. ವೆಬ್‌ಸೈಟ್‌ನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮನೆಯವರು ಇದನ್ನ ಈಗಲೂ ಬಂದವರ ಮುಂದೆಲ್ಲ ಹೇಳಿ ನಗ್ತಾರೆ.

ದುಡ್ಡು ಹೋದ ತಕ್ಷಣ ಮೇಲ್ ಬಂತು, ನಿಮ್ಮ ಆರ್ಡರ್ ಸಂಬಂಧಪಟ್ಟ ಸರ್ಕಾರಿ ಕಚೇರಿಗಾಗಿ ಸಿದ್ಧವಾಗುತ್ತಿದೆ ಅಂತ. ಕಚೇರಿ'ಗಾಗಿ'. ಕಚೇರಿ'ಯಲ್ಲಿ' ಅಲ್ಲ. ಇವರ ಇಂಗ್ಲಿಷ್ ಎಲ್ಲಾ ಹೀಗೇ, ಸುಳ್ಳು ಅಂತ ಹಿಡಿಯೋಕಾಗಲ್ಲ, ನಿಜಾನೂ ಅಲ್ಲ. ಆಮೇಲೆ ಸುಮಾರು ದಿನ ಏನೂ ಇಲ್ಲ. ಲಾಯರ್ ಆಫೀಸಿನಿಂದ ದಿನಾ ಫೋನು. ಕೊನೆಗೆ ಒಂದು ದಿನ ಮೇಲ್ ಬಂತು, ಅಭಿನಂದನೆಗಳು, ನಿಮ್ಮ ದಾಖಲೆ ತಯಾರಾಗಿದೆ. ಖುಷಿಯಿಂದ ಪಿಡಿಎಫ್ ತೆರೆದೆ.

ಏನಿತ್ತು ಗೊತ್ತಾ ಅದರಲ್ಲಿ? ಅರ್ಜಿ. ಕೋರ್ಟಿನ ಅರ್ಜಿ ಫಾರಂ. ಕೋರ್ಟಿನ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಒಂದು ಪುಟದ ಫಾರಂ. ಅದರಲ್ಲಿ ನಾನೇ ಟೈಪ್ ಮಾಡಿದ ನನ್ನ ಹೆಸರು, ನಾನೇ ಟೈಪ್ ಮಾಡಿದ ಇವರ ಹೆಸರು, ನಾನೇ ಕೊಟ್ಟ ತಾರೀಖು. ಕೆಳಗೆ ಹಳದಿ ಬಾಣ ಹಾಕಿ 'ಇಲ್ಲಿ ಸಹಿ ಮಾಡಿ'. ಜೊತೆಗೊಂದು ಪತ್ರ, ಇದನ್ನ ಪ್ರಿಂಟ್ ತೆಗೆದು, ಸಹಿ ಹಾಕಿ, ಐಡಿ ಜೆರಾಕ್ಸ್ ಇಟ್ಟು, ಕೋರ್ಟಿನ ಹೆಸರಿಗೆ ಹತ್ತು ಡಾಲರ್ ಮನಿ ಆರ್ಡರ್ ತೆಗೆದು ನೀವೇ ಅಂಚೆಗೆ ಹಾಕಿ ಅಂತ. ನಾನೇ ಹಾಕಬೇಕಂತೆ! 40 ಡಾಲರ್ ಅರ್ಜೆಂಟ್ ಫೀ ತಗೊಂಡು ಅರ್ಜೆಂಟಾಗಿ ಮಾಡಿದ್ದು ನನ್ನ ಹೆಸರನ್ನ ನನಗೇ ವಾಪಸ್ ಕಳಿಸಿದ್ದು. ನಮ್ಮೂರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸ್ ಮುಂದೆ ಕೂರುವ ಏಜೆಂಟ್ ಕೂಡ ದುಡ್ಡು ತಗೊಂಡ ಮೇಲೆ ಒಳಗೆ ಹೋಗಿ ಕಾಗದ ತಂದು ಕೊಡ್ತಾನೆ, ಇವರು ಅಷ್ಟೂ ಮಾಡಲಿಲ್ಲ.

ಪಿಡಿಎಫ್ ನೋಡಿ ಒಂದು ನಿಮಿಷ ಸುಮ್ನೆ ಕೂತಿದ್ದೆ. ಮುಂದಿನ ಪುಟದಲ್ಲಿ ನಿಜವಾದ ಸರ್ಟಿಫಿಕೇಟ್ ಇರಬಹುದೇನೋ ಅಂತ ಕೆಳಗೆ ಕೆಳಗೆ ಎಳೆದೆ. ಮುಂದಿನ ಪುಟ ಖಾಲಿ.

ಮೇಲ್ ಬರೆದೆ, ನಾನು ಕೇಳಿದ್ದು ಸರ್ಟಿಫೈಡ್ ಕಾಪಿ, ಅರ್ಜಿ ಅಲ್ಲ, ದುಡ್ಡು ವಾಪಸ್ ಕೊಡಿ ಅಂತ. ಉತ್ತರ ಬಂತು: 'ನಾವು ಖಾಸಗಿ ದಾಖಲೆ ಸಿದ್ಧತಾ ಸೇವೆ, ಯಾವ ಸರ್ಕಾರಿ ಸಂಸ್ಥೆಗೂ ಸೇರಿದವರಲ್ಲ, ಇದನ್ನು ನಮ್ಮ ಪುಟದಲ್ಲಿ ಸ್ಪಷ್ಟವಾಗಿ ತಿಳಿಸಿದ್ದೇವೆ.' ಸ್ಪಷ್ಟವಾಗಿ! ಹೋಗಿ ನೋಡಿದೆ. ಇದೆ. ತೀರಾ ಕೆಳಗೆ, ಬಿಳಿ ಪುಟದ ಮೇಲೆ ತಿಳಿ ಬೂದು ಬಣ್ಣದ ಅಕ್ಷರ, ಇರುವೆ ಸಾಲು ಇದ್ದ ಹಾಗೆ. ಹಾಗಾದರೆ ಅರ್ಜೆಂಟ್ ಫೀ ಯಾಕೆ ತಗೊಂಡಿರಿ ಅಂತ ಕೇಳಿದೆ. 'ನಿಮ್ಮ ಫಾರಂ ಅನ್ನು ಆದ್ಯತೆಯ ಮೇಲೆ ಸಿದ್ಧಪಡಿಸಲಾಗಿದೆ. ಸೇವೆ ಪೂರ್ಣಗೊಂಡಿದೆ. ನಿಮ್ಮ ಅನುಭವಕ್ಕೆ ಐದು ಸ್ಟಾರ್ ಕೊಡಲು ಇಲ್ಲಿ ಒತ್ತಿ.' ಮೈ ಉರಿದು ಹೋಯಿತು. ಫೋನ್ ನಂಬರ್ ಹುಡುಕಿ ಮಾತಾಡಿದರೆ ಆ ಹುಡುಗಿ ನಾನು ಏನು ಹೇಳಿದರೂ 'ಐ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಷನ್ ಮ್ಯಾಮ್' ಅನ್ನೋದೊಂದೇ. ಮ್ಯಾನೇಜರ್‌ಗೆ ಕೊಡಿ ಅಂದೆ. ಅದೇ ಹಾಡು ಗಂಡಸಿನ ಧ್ವನಿಯಲ್ಲಿ. ಕೊನೆಗೆ ಆತ, ಬೇಕಿದ್ದರೆ ರೆಕಾರ್ಡ್ ಸರ್ಚ್ ರಿಪೋರ್ಟ್ ಫ್ರೀಯಾಗಿ ಕೊಡ್ತೀವಿ ಮ್ಯಾಮ್ ಅಂದ. ಕೊಡಿ ಅಂದೆ.

ಅದರ ಕಥೆ ಇನ್ನೂ ಚೆನ್ನಾಗಿದೆ. ರಿಪೋರ್ಟ್ ಬಂತು: 'ಜಾರ್ಜಿಯಾ ರಾಜ್ಯದ ದಾಖಲೆಗಳಲ್ಲಿ ಈ ಮದುವೆ ಕಂಡುಬಂದಿಲ್ಲ.' ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಅಯ್ಯೋ, ನಮ್ಮ ಮದುವೆ ರೆಕಾರ್ಡೇ ಆಗಿಲ್ವಾ, ಪುರೋಹಿತರು ಲೈಸೆನ್ಸ್ ವಾಪಸ್ ಕಳಿಸಲೇ ಇಲ್ವಾ, ಗ್ರೀನ್ ಕಾರ್ಡ್ ಗತಿ ಏನು ಅಂತ ರಾತ್ರಿಯೆಲ್ಲಾ ನಿದ್ದೆ ಇಲ್ಲ. ಮರುದಿನ ಸೀದಾ ಪ್ರೊಬೇಟ್ ಕೋರ್ಟಿಗೇ ಫೋನ್ ಮಾಡಿದೆ. ಮೊದಲೇ ಮಾಡಬಹುದಿತ್ತಲ್ಲ ಅಂತ ದಯವಿಟ್ಟು ಯಾರೂ ಹೇಳಬೇಡಿ, ಮನೆಯಲ್ಲಿ ಕೇಳಿ ಸಾಕಾಗಿದೆ.

ಕ್ಲರ್ಕ್ ಹೆಂಗಸು ತುಂಬಾ ತಾಳ್ಮೆಯವರು. ರಾಜ್ಯದ ಆಫೀಸಿನಲ್ಲಿ ಇರುವುದು 1952ರಿಂದ 1996ರವರೆಗಿನ ಮದುವೆಗಳು ಮಾತ್ರ, ಆಮೇಲಿನದೆಲ್ಲ ಲೈಸೆನ್ಸ್ ಕೊಟ್ಟ ಕೌಂಟಿಯಲ್ಲೇ ಸಿಗೋದು ಅಂದರು. ಅಂದರೆ 2016ರ ಮದುವೆ ರಾಜ್ಯದ ದಾಖಲೆಯಲ್ಲಿ ಇರೋಕೆ ಸಾಧ್ಯವೇ ಇಲ್ಲ! ಇಲ್ಲದ ಜಾಗದಲ್ಲಿ ಹುಡುಕಿ ಇಲ್ಲ ಅಂತ ರಿಪೋರ್ಟ್ ಕೊಟ್ಟಿದ್ದಾರೆ ಮಹಾನುಭಾವರು. ಅವರು ನಿಜಕ್ಕೂ ಹುಡುಕಿದರೋ ಇಲ್ಲವೋ ಅದೂ ದೇವರಿಗೇ ಗೊತ್ತು.

ಆದರೆ ಕ್ಲರ್ಕ್ ಹುಡುಕಿದಾಗಲೂ ಮೊದಲು ಸಿಗಲಿಲ್ಲ. ಇದನ್ನ ನಮ್ಮವರು ಗಮನ ಇಟ್ಟು ಓದಿ. ಆಗಿನ ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರು ಮತ್ತು ಅಪ್ಪನ ಹೆಸರು ಎಲ್ಲಾ ಒಂದೇ ಸಾಲಿನಲ್ಲಿ. ಅಮೆರಿಕದ ವೀಸಾದಲ್ಲಿ ಆ ಇಡೀ ಸಾಲು ಸರ್‌ನೇಮ್ ಆಗಿ ಕೂತು, ಹೆಸರಿನ ಜಾಗಕ್ಕೆ ಎಫ್‌ಎನ್‌ಯು, ಅಂದರೆ 'ಫಸ್ಟ್ ನೇಮ್ ಅನ್‌ನೋನ್' (ಹೆಸರು ಗೊತ್ತಿಲ್ಲ), ಅಂತ ಬಂದಿತ್ತು. ಈಗ ನಾನು ಕೇಳ್ತಿರೋದು ಗಂಡನ ಸರ್‌ನೇಮ್ ಸೇರಿಸಿಕೊಂಡ ಹೆಸರಿನಲ್ಲಿ. ಹೇಗೆ ಸಿಗುತ್ತೆ? ಹಳೇ ವೀಸಾದಲ್ಲಿದ್ದ ಹಾಗೆ ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಆ ಕಡೆ ಕೀಬೋರ್ಡ್ ಸದ್ದು. 'ಮಿಸ್ ಫ್ನೂ, ನೀವೇನಾ?' ಅಂದರು. ಹೌದಮ್ಮ ನಾನೇ ಮಿಸ್ ಫ್ನೂ, ಅಂದೆ. ಯಾರಿಗೆ ದುಡ್ಡು ಕಟ್ಟಿದಿರಿ ಅಂತ ಕೇಳಿದರು. ಹೆಸರು ಹೇಳಿದರೆ ಒಂದು ದೊಡ್ಡ ಉಸಿರು ಬಿಟ್ಟು, ಓ ಹನಿ, ಅಂದರು. ಆ 'ಓ ಹನಿ'ಯಲ್ಲೇ ಗೊತ್ತಾಯಿತು, ನಾನು ಮೊದಲನೆಯವಳಲ್ಲ.

ಫಾರಂ, ಐಡಿ ಜೆರಾಕ್ಸ್, ಹತ್ತು ಡಾಲರ್ ಮನಿ ಆರ್ಡರ್, ಸ್ಟ್ಯಾಂಪ್ ಹಚ್ಚಿದ ನಮ್ಮ ವಿಳಾಸದ ಕವರ್. ಕಳಿಸಿದೆ. ಮುಟ್ಟಿದರೆ ಉಬ್ಬು ಕೈಗೆ ಸಿಗುವ ಸೀಲ್ ಇರುವ ಕಾಪಿ ಬಂತು. ಫೈಲಿಂಗ್ ಆಯಿತು, ದೇವರು ದೊಡ್ಡವನು.

ಇಲ್ಲಿಗೆ ಮುಗೀತು ಅಂದುಕೊಂಡರೆ ಕಾರ್ಡ್ ಬಿಲ್ಲಿನಲ್ಲಿ ಇನ್ನೊಂದು ಸಾಲು, 29 ಡಾಲರ್ 95 ಸೆಂಟ್. ಆ 'ಫ್ರೀ' ರಿಪೋರ್ಟ್ ತಗೊಂಡಿದ್ದಕ್ಕೆ ತಿಂಗಳ ಮೆಂಬರ್‌ಶಿಪ್ ಶುರುವಾಗಿದೆ! ಕೇಳಿದರೆ, 'ಟ್ರಯಲ್ ಅವಧಿಯಲ್ಲಿ ನೀವು ರದ್ದು ಮಾಡಲಿಲ್ಲ.' ಯಾವ ಟ್ರಯಲ್, ಯಾರು ಕೇಳಿದ್ದರು ನಿಮ್ಮ ಟ್ರಯಲ್ಲು!

ನಾನು ಹೇಳೋದು ಇಷ್ಟೇ. ಮದುವೆ ಕಾಪಿ ಬೇಕಾದರೆ ಲೈಸೆನ್ಸ್ ಕೊಟ್ಟ ಕೌಂಟಿಯ ಪ್ರೊಬೇಟ್ ಕೋರ್ಟಿಗೆ ಫೋನ್ ಮಾಡಿ, ಜಾರ್ಜಿಯಾದಲ್ಲಿ 159 ಕೌಂಟಿ ಇವೆ, ಯಾವುದು ಅಂತ ನೆನಪಿಟ್ಟುಕೊಳ್ಳಿ, ಮದುವೆ ನಡೆದ ಜಾಗದ ಕೌಂಟಿ ಬೇರೆ ಇರಬಹುದು. ಒಹಾಯೋದಲ್ಲೂ ಪ್ರೊಬೇಟ್ ಕೋರ್ಟೇ, ಬೇರೆ ಎಷ್ಟೋ ರಾಜ್ಯಗಳಲ್ಲಿ ಕೌಂಟಿ ಕ್ಲರ್ಕ್. ವಿಳಾಸದ ಕೊನೆಯಲ್ಲಿ ಸರ್ಕಾರಿ ಸೈಟಿನ ಡಾಟ್ ಗವ್ ಇದೆಯಾ ನೋಡಿ ನಂಬಿ ಅಂತ ಎಲ್ಲರೂ ಹೇಳ್ತಾರೆ, ಆದರೆ ಕೆಲವು ಅಸಲಿ ಕೋರ್ಟುಗಳ ವೆಬ್‌ಸೈಟೇ ಡಾಟ್ ಆರ್ಗ್‌ನಲ್ಲಿ ಮುಗಿಯುತ್ತೆ, ಆ ಮೋಸಗಾರರಿಗೆ ಇದೇ ಅನುಕೂಲ. ಹೆಸರಿನ ಮೇಲೆ ಸ್ಪಾನ್ಸರ್ಡ್ (ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು) ಅಂತ ಇದ್ದರೆ ಮುಟ್ಟಬೇಡಿ. ಮದುವೆ ಆದಾಗಲೇ ಎರಡು ಮೂರು ಕಾಪಿ ತೆಗೆಸಿಟ್ಟುಕೊಳ್ಳಿ. ಡೆಬಿಟ್ ಕಾರ್ಡ್ ಅಂತೂ ಕೊಡಲೇಬೇಡಿ.

ಕ್ರೆಡಿಟ್ ಕಾರ್ಡ್ ಆಗಿದ್ದಕ್ಕೆ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ (ಈ ಚಾರ್ಜ್ ಒಪ್ಪಲ್ಲ ಅಂತ ತಕರಾರು) ಹಾಕಿದ್ದೇನೆ. ಬಿಲ್ ಬಂದ 60 ದಿನದೊಳಗೆ ಲಿಖಿತವಾಗಿ ಹಾಕಬೇಕು, ಆಮೇಲೆ ಅತ್ತರೆ ಪ್ರಯೋಜನ ಇಲ್ಲ. ಮೆಂಬರ್‌ಶಿಪ್ ದುಡ್ಡು ವಾಪಸ್ ಬಂತು. 129 ಡಾಲರ್‌ಗೆ ಅವರು ಅದೇ ಫಾರಂ ಪಿಡಿಎಫ್ ಅನ್ನ ಬ್ಯಾಂಕಿಗೆ 'ಸೇವೆಯ ಪುರಾವೆ' ಅಂತ ಕಳಿಸಿದ್ದಾರಂತೆ, ಬ್ಯಾಂಕಿನವರು ಇನ್ನೂ ನೋಡ್ತಿದ್ದಾರೆ. ಗ್ರಾಹಕರ ದೂರು ತಗೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೂ ದೂರು ಕೊಟ್ಟೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಅವರ ಕೈಗೆ ಹೋಗಿದೆಯಲ್ಲ, ಅದಕ್ಕೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರು ಕ್ರೆಡಿಟ್ ಕಂಪನಿಗಳಲ್ಲೂ, ನಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೆಯದ ಹಾಗೆ, ಇಬ್ಬರ ಕ್ರೆಡಿಟ್ ಫ್ರೀಜ್ ಮಾಡಿಸಿದ್ದೇವೆ. ಅದು ಮಾತ್ರ ನಿಜವಾಗಿಯೂ ಫ್ರೀ.