ಮುರಕಲ್ಲಿನ ಬಯಲಿನಲ್ಲಿ ರೇನಾಕ್ಸ್ ಡಿಸಿಆರ್-250
ಆಗಸ್ಟಿನಲ್ಲಿ ಉಡುಪಿ ಕಡೆಯ ಮುರಕಲ್ಲಿನ ಬಯಲಿಗೆ ಕ್ಯಾಮೆರಾ ಲೆನ್ಸಿನ ಮುಂದೆ ಸಿಕ್ಕಿಸಿ ಪುಟ್ಟದ್ದನ್ನು ದೊಡ್ಡದಾಗಿ ತೆಗೆಯುವ ಈ ಮ್ಯಾಕ್ರೋ ಲೆನ್ಸ್ ಒಯ್ದಿದ್ದೆ. ಮಳೆ ಬಿಟ್ಟ ಅರ್ಧ ಗಂಟೆ. ಒದ್ದೆ ಕಲ್ಲಿನ ಮೇಲೆ ಬೋರಲು ಮಲಗಿ ಕೀಟ ಹಿಡಿದು ತಿನ್ನುವ ಪುಟ್ಟ ಗಿಡ ಡ್ರಾಸೆರಾ ಇಂಡಿಕಾ ಮುಂದೆ ಕ್ಯಾಮೆರಾ ಹಿಡಿದೆ. ಅಬ್ಬಾ! ಎಲೆಯ ಒಂದೊಂದು ಕೂದಲ ತುದಿಯ ಅಂಟು ಹನಿ, ಅದಕ್ಕೆ ಸಿಕ್ಕಿದ ಪುಟ್ಟ ನೊಣದ ಕಾಲು, ಎಲ್ಲ ಕಣ್ಣಿಗೆ ಕಟ್ಟಿದಂತೆ ಬಂತು.

ಇದರ ಶಕ್ತಿ 8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನವೇ). 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಯ ಲೆನ್ಸಿಗೆ ಸುಮ್ನೆ ಕ್ಲಿಪ್ ಮಾಡಿದರೆ ಸಾಕು. ಗಿಡದಿಂದ ಸುಮಾರು 12 ಸೆಂ.ಮೀ. ದೂರ ನಿಂತೇ ತೆಗೆಯಬಹುದು. ಫೋಕಸ್‌ನ ಆಳ ಮಾತ್ರ ಕೂದಲೆಳೆಯಷ್ಟು. ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್11 ಇಟ್ಟು, ಗಾಳಿ ನಿಲ್ಲುವವರೆಗೆ ಕಾಯಬೇಕು.

ಪಕ್ಕದಲ್ಲೇ ಇನ್ನೊಂದು ಬೇಟೆಗಾರ ಗಿಡ ಯುಟ್ರಿಕ್ಯುಲೇರಿಯಾ ನೀಲಿಯಾಗಿ ಅರಳಿತ್ತು. ಅದರ ಬೇಟೆಯ ಚೀಲ ಕೆಸರಿನೊಳಗೆ ಇರುತ್ತದೆ. ಫೋಟೋಗೋಸ್ಕರ ಕೀಳಬೇಡಿ, ಹೂವೇ ಸಾಕಲ್ವಾ?