ಓದಲು ಯಾವುದು, ಬಿಡಿಸಲು ಯಾವುದು: ಈ ವರ್ಷದ ನನ್ನ ನಾಲ್ಕು ಪುಸ್ತಕಗಳು

ವರ್ಷದ ಕೊನೆ ಬಂದರೆ ಓದುವವರೆಲ್ಲ ಇಷ್ಟದ ಪುಸ್ತಕಗಳ ಪಟ್ಟಿ ಹಾಕುತ್ತಾರೆ. ನನ್ನ ಪಟ್ಟಿಯ ಅಳತೆಗೋಲು ಸ್ವಲ್ಪ ಬೇರೆ. ಬಿಡುವು ಸಿಕ್ಕಾಗಲೆಲ್ಲ ಚಿತ್ರ ಬಿಡಿಸುವ ಚಟ ನನಗೆ. ಅದರಲ್ಲೂ ಎಲ್ಲೂ ಇಲ್ಲದ ಕೋಟೆ, ಡ್ರ್ಯಾಗನ್, ಮಂತ್ರವಾದಿ, ಇಂಥವೇ. ಹಾಗಾಗಿ ಒಂದು ಫ್ಯಾಂಟಸಿ ಕಾದಂಬರಿ ಮುಗಿದ ಮೇಲೆ ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಪೆನ್ಸಿಲ್ ಹಿಡಿಯಬೇಕು ಅನ್ನಿಸಿತಾ? ಹಿಡಿದ ಮೇಲೆ ನನ್ನದು ಅನ್ನುವಂಥದ್ದೇನಾದರೂ ಕಾಗದದ ಮೇಲೆ ಬಂತಾ?

ಈ ವರ್ಷ ಮೂರು ಕಾದಂಬರಿಗಳನ್ನು ಹೀಗೆ ಎದುರುಬದುರು ಇಟ್ಟು ನೋಡಿದೆ. ಟೋಲ್ಕಿನ್ ಅವರ 'ದಿ ಹಾಬಿಟ್', ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ', ಮರ್ವಿನ್ ಪೀಕ್ ಅವರ 'ಟೈಟಸ್ ಗ್ರೋನ್'. ಜೊತೆಗೆ ಚಿತ್ರಕಲೆಯ ಪುಸ್ತಕ ಒಂದು, ಜೇಮ್ಸ್ ಗರ್ನಿ ಅವರ 'ಇಮ್ಯಾಜಿನೇಟಿವ್ ರಿಯಲಿಸಂ'. ಯಾವುದೂ ಹೊಸದಲ್ಲ. ಹೊಸ ಪುಸ್ತಕ ಓದಲೇಬೇಕು ಅನ್ನುವ ಹಟ ನನಗೆ ಮೊದಲಿಂದಲೂ ಇಲ್ಲ.

ಪದ್ಧತಿ ಸರಳ. ಓದುವಾಗ ಆ ಪುಸ್ತಕಕ್ಕೆ ಬೇರೆಯವರು ಬರೆದ ಚಿತ್ರ ಹುಡುಕುವಂತಿಲ್ಲ. ಪುಸ್ತಕ ಮುಚ್ಚಿಟ್ಟು, ನೆನಪಲ್ಲಿ ಉಳಿದಷ್ಟರಿಂದಲೇ ಮೊದಲ ಸ್ಕೆಚ್. ಆಮೇಲೆ ಆ ಭಾಗ ಮತ್ತೆ ಓದಿ ಎರಡನೆಯದು.

'ದಿ ಹಾಬಿಟ್' ಈ ಪದ್ಧತಿಯನ್ನು ಶುರುವಲ್ಲೇ ಮುರಿಯಿತು. 1937ರ ಮೊದಲ ಮುದ್ರಣದಿಂದಲೂ ಆ ಪುಸ್ತಕದಲ್ಲಿ ಲೇಖಕರೇ ಬರೆದ ಚಿತ್ರಗಳಿವೆ. ಹೊರ ಹೊದಿಕೆಯ ಬೆಟ್ಟಸಾಲು ಕೂಡ ಟೋಲ್ಕಿನ್ ಅವರದೇ. ಬೇಡ ಅಂದರೂ ಕಣ್ಣಿಗೆ ಬೀಳುತ್ತವೆ. ಕಥೆಯ ಡ್ರ್ಯಾಗನ್ ಸ್ಮೌಗ್ ಚಿನ್ನದ ರಾಶಿಯ ಮೇಲೆ ಮಲಗಿರುವ ಅವರ ಬಣ್ಣದ ಚಿತ್ರ ನೋಡಿದವರಿಗೆ ಗೊತ್ತು, ಅದು ತಲೆಯಿಂದ ಹೋಗುವುದಿಲ್ಲ. ಬಾಲ ಸುತ್ತಿಕೊಂಡ ರೀತಿ, ಉದ್ದನೆಯ ಮೂತಿ, ಕೆಳಗೆ ಬಲಗಡೆ ಮಬ್ಬು ಸುತ್ತಿಕೊಂಡು ನಿಂತ ಕಥಾನಾಯಕ ಬಿಲ್ಬೊ. ನಾನು ಎಷ್ಟು ಬೇರೆ ಮಾಡಲು ಹೋದರೂ ಡ್ರ್ಯಾಗನ್ ಅದೇ ಮಗ್ಗುಲಿಗೆ ಮಲಗುತ್ತಿತ್ತು.

ಒಂದು ತಮಾಷೆ ಹೇಳಲೇಬೇಕು. ಆ ಚಿತ್ರದಲ್ಲಿ ಬಿಲ್ಬೊ ಇರಬೇಕಾದ್ದಕ್ಕಿಂತ ತುಂಬಾ ದೊಡ್ಡದಾಗಿದ್ದಾನೆ ಅಂತ ಟೋಲ್ಕಿನ್ ತಾವೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನನಗೆ ದಾರಿ ಸಿಕ್ಕಿತು. ಅವರ ಚಿತ್ರದಲ್ಲಿ ಸರಿಯಾಗದ ಅಳತೆಯನ್ನು ನಾನು ಹಿಡಿದೆ. ಬಿಲ್ಬೊನನ್ನು ಒಂದು ಅಕ್ಕಿಕಾಳಿನಷ್ಟು ಮಾಡಿ, ಡ್ರ್ಯಾಗನ್‌ನ ಬರೀ ಹೊಟ್ಟೆಯ ಭಾಗವನ್ನು ಹಾಳೆ ತುಂಬಾ ಬಿಡಿಸಿದೆ. ಕಥೆಯಲ್ಲಿ ಆ ಹೊಟ್ಟೆಯ ವರ್ಣನೆ ಚೆನ್ನಾಗಿದೆ. ಬಹುಕಾಲ ನಿಧಿಯ ಮೇಲೆ ಮಲಗಿ ಮಲಗಿ ಬಿಳುಚಿದ ಹೊಟ್ಟೆಗೆ ರತ್ನ, ಚಿನ್ನದ ಚೂರುಗಳು ಅಂಟಿಕೊಂಡಿವೆ, ಎಡ ಎದೆಯಲ್ಲಿ ಮಾತ್ರ ಒಂದು ಕಡೆ ಬರಿದಾಗಿದೆ. ಆ ಬರಿದಾದ ಜಾಗವನ್ನು ಬಿಳಿ ಕಾಗದವಾಗಿಯೇ ಬಿಟ್ಟೆ. ಈ ಪುಸ್ತಕದಿಂದ ನನಗೆ ದಕ್ಕಿದ ಒಳ್ಳೆಯ ಚಿತ್ರ ಅದೊಂದೇ. ಓದಲು ಮಾತ್ರ ಮೂರರಲ್ಲಿ ಇದೇ ಹಗುರ. ಚಿತ್ರ ಬಿಡಿಸಲು ಈಗಷ್ಟೇ ಶುರು ಮಾಡಿದವರಿಗೆ ಧೈರ್ಯವಾಗಿ ಕೊಡಬಹುದು. ಲೇಖಕರ ಚಿತ್ರವನ್ನೇ ನಕಲು ಮಾಡುತ್ತಾ ಕಲಿಯಬಹುದು, ತಪ್ಪೇನಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಪೀಕ್ ಮತ್ತು ಲೆ ಗ್ವಿನ್ ನಡುವೆ. ಇಬ್ಬರೂ ಪೂರ್ತಿ ಬೇರೆ ಬೇರೆ ದಾರಿಯವರು.

ಮರ್ವಿನ್ ಪೀಕ್ ಮೂಲತಃ ಚಿತ್ರಕಾರ. ಬೇರೆಯವರ ಪುಸ್ತಕಗಳಿಗೆ ಪೆನ್ನು-ಶಾಯಿಯಲ್ಲಿ ಚಿತ್ರ ಬರೆದು ಹೆಸರು ಮಾಡಿದವರು. 'ಟೈಟಸ್ ಗ್ರೋನ್' ಬರೆಯುವಾಗಲೂ ಹಸ್ತಪ್ರತಿಯ ಪುಟಗಳಲ್ಲೇ ಪಾತ್ರಗಳ ಮುಖ ಬಿಡಿಸುತ್ತಿದ್ದರು. 1946ರಲ್ಲಿ ಬಂದ ಈ ಕಾದಂಬರಿಯಲ್ಲಿ ಡ್ರ್ಯಾಗನ್ ಇಲ್ಲ, ಮಂತ್ರವೂ ಇಲ್ಲ. ಇರುವುದು ಗಾರ್ಮೆನ್‌ಗಾಸ್ಟ್ ಅನ್ನುವ ಕೊನೆಮೊದಲಿಲ್ಲದ ಕೋಟೆ, ಅದರೊಳಗೆ ಅರ್ಥ ಮರೆತುಹೋದ ಆಚರಣೆಗಳನ್ನು ನಡೆಸುತ್ತಾ ಬದುಕುವ ಜನ. ಆದರೂ ಫ್ಯಾಂಟಸಿ ಅಂದರೆ ಇದೇ ಅನ್ನಿಸುವಷ್ಟು ವಿಚಿತ್ರವಾಗಿದೆ.

ವರ್ಣನೆ ಜಾಸ್ತಿ. ಅಷ್ಟಿಷ್ಟಲ್ಲ. ಒಂದು ಕೋಣೆಗೆ ಬೆಳಕು ಎಲ್ಲಿಂದ ಬೀಳುತ್ತಿದೆ, ಧೂಳು ಹೇಗೆ ಕೂತಿದೆ, ಬಾಗಿಲಲ್ಲಿ ನಿಂತವನ ಭುಜ ಎಷ್ಟು ಎತ್ತರಕ್ಕಿದೆ, ಎಲ್ಲಾ ಹೇಳಿ ಮುಗಿಸಿರುತ್ತಾರೆ. ಇನ್ನು ನಾನೇನು ಬಿಡಿಸಲಿ ಅಂದುಕೊಂಡೇ ಓದುತ್ತಿದ್ದೆ. ಕೂತು ಬಿಡಿಸಿದಾಗ ಆದದ್ದು ಉಲ್ಟಾ. ಅವರು ಬಾಯಲ್ಲಿ ಹೇಳುವುದೆಲ್ಲ ಬೆಳಕು-ನೆರಳಿನ ಲೆಕ್ಕ. ಅದನ್ನು ಹಾಗೇ ಹಿಡಿದರೆ ಶಾಯಿಯ ಚಿತ್ರ ತನ್ನಷ್ಟಕ್ಕೆ ಕಟ್ಟಿಕೊಳ್ಳುತ್ತದೆ. ಬಳ್ಳಿ ಹಬ್ಬಿದ ಟವರ್ ಆಫ್ ಫ್ಲಿಂಟ್ಸ್ ಅನ್ನುವ ಕೋಟೆಯ ಗೋಪುರ ಮೊದಲ ಪುಟದಲ್ಲೇ ಬರುತ್ತದೆ, ಆಕಾಶದತ್ತ ಎತ್ತಿದ ಊನಗೊಂಡ ಬೆರಳಿನ ಹಾಗೆ. ಇದಕ್ಕೆ ನಾನು ಬಳಸಿದ್ದು ನಿಬ್ ಪೆನ್ನು, ಇಂಡಿಯನ್ ಇಂಕ್, ನುಣುಪಾದ ಬ್ರಿಸ್ಟಲ್ ಹಾಳೆ. ಒರಟು ಹಾಳೆಯಲ್ಲಿ ನಿಬ್ಬು ನಾರಿಗೆ ಸಿಕ್ಕಿ ಶಾಯಿ ಚಿಮ್ಮುತ್ತದೆ. ಗೋಪುರದ ಬೆಳಕಿರುವ ಬದಿಗೆ ಒಂದೇ ದಿಕ್ಕಿನ ಗೆರೆ. ನೆರಳಿನ ಬದಿಗೆ ಅದರ ಮೇಲೆ ಓರೆಯಾಗಿ ಇನ್ನೊಂದು ಸುತ್ತು, ಅದು ಪೂರ್ತಿ ಒಣಗಿದ ಮೇಲೆ ಮೂರನೆಯ ಸುತ್ತು. ಗೆರೆಗಳು ಕಲ್ಲಿನ ದುಂಡಗೆಯನ್ನು ಅನುಸರಿಸಿದರೆ ಗೋಪುರ ಎದ್ದು ನಿಲ್ಲುತ್ತದೆ, ನೇರ ಎಳೆದರೆ ರಟ್ಟಿನ ಹಾಗೆ ಚಪ್ಪಟೆ. ಇದನ್ನೇ ಟ್ಯಾಬ್ಲೆಟ್‌ನಲ್ಲೂ ಮಾಡಿ ನೋಡಿದೆ. ಅಳಿಸಿ ಅಳಿಸಿ ಬರೆಯುವ ಸೌಕರ್ಯ ಇರುವುದರಿಂದ ಗೆರೆಗೆ ಧೈರ್ಯವೇ ಬರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಪೀಕ್ ಕೈಕೊಡುವುದು ಮನುಷ್ಯರ ವಿಷಯದಲ್ಲಿ. ಅಂದರೆ ನನಗೆ. ಕೆಂಪು ಕೂದಲಲ್ಲಿ ಹಕ್ಕಿಗಳನ್ನು ಕೂರಿಸಿಕೊಂಡು, ಬಿಳಿ ಬೆಕ್ಕುಗಳ ಹಿಂಡು ಕಟ್ಟಿಕೊಂಡು ಓಡಾಡುವ ಕೌಂಟೆಸ್ ಗರ್ಟ್ರೂಡ್ ಓದಲು ಅದ್ಭುತ. ಬಿಡಿಸಿದರೆ ವ್ಯಂಗ್ಯಚಿತ್ರ ಆಗುತ್ತಾಳೆ. ಬರಹದಲ್ಲೇ ಎಲ್ಲರೂ ಸ್ವಲ್ಪ ಹಿಗ್ಗಿಸಿದವರು. ಕೈ ಅದರ ಮೇಲೆ ಇನ್ನಷ್ಟು ಹಿಗ್ಗಿಸುತ್ತದೆ. ಬೆಕ್ಕುಗಳು ಮಾತ್ರ ಚೆನ್ನಾಗಿ ಬಂದವು. ಬಿಳಿ ಬೆಕ್ಕಿಗೆ ಗೆರೆಯೇ ಬೇಡ, ಸುತ್ತಲಿನ ಕತ್ತಲನ್ನು ಬರೆದರೆ ಸಾಕು.

ಲೆ ಗ್ವಿನ್ ಇದಕ್ಕೆ ತದ್ವಿರುದ್ಧ. 1968ರ ಪುಸ್ತಕ, ತೆಳ್ಳಗಿದೆ, ಮಾತು ಕಡಿಮೆ. ಗಾಂಟ್ ಅನ್ನುವ ದ್ವೀಪ, ಬಿರುಗಾಳಿಯ ಸಮುದ್ರದ ಮೇಲೆ ಒಂದು ಮೈಲಿ ಎತ್ತರಕ್ಕೆ ಎದ್ದ ಒಂಟಿ ಬೆಟ್ಟ. ಮೊದಲ ವಾಕ್ಯದಲ್ಲಿ ಇಷ್ಟು ಹೇಳಿ ಕಥೆ ಮುಂದೆ ಹೋಗಿಬಿಡುತ್ತದೆ. ಓದುವಾಗ ಎಲ್ಲಾ ಕಣ್ಣ ಮುಂದೆ ಇದ್ದ ಹಾಗೆ ಇತ್ತು. ಪುಸ್ತಕ ಮುಚ್ಚಿ ಕೂತರೆ ಹಾಳೆ ಖಾಲಿ. ಕಥಾನಾಯಕ, ಮಂತ್ರವಾದಿ ಹುಡುಗ ಗೆಡ್‌ನ ಮೂಗು ಹೇಗಿತ್ತು? ದೋಣಿಯ ಹಾಯಿ ಎಷ್ಟು ದೊಡ್ಡದು? ಬಿಡಿಸಲು ಹೊರಟಾಗಲೇ ಗೊತ್ತಾಗುವುದು, ಇವೆಲ್ಲ ನಾವೇ ತುಂಬಿಕೊಂಡದ್ದು, ಅದೂ ಅರ್ಧಂಬರ್ಧ.

ಅವರು ಖಚಿತವಾಗಿ ಹೇಳಿದ ಸಂಗತಿಗಳನ್ನು ಬಿಡುವ ಹಾಗಿಲ್ಲ. ಗೆಡ್‌ನದು ಕೆಂಗಂದು ಮೈಬಣ್ಣ, ಗೆಳೆಯ ವೆಚ್‌ನದು ಕಪ್ಪು. ಇದನ್ನು ಡಂಗುರ ಹೊಡೆಯದೆ, ಹೋಗ್ತಾ ಹೋಗ್ತಾ ಒಂದು ಮಾತಲ್ಲಿ ತಿಳಿಸುತ್ತಾರೆ. ಆಮೇಲೆ ಬಂದ ಎಷ್ಟೋ ಮುದ್ರಣಗಳ ಮುಖಪುಟಗಳು ಗೆಡ್‌ನನ್ನು ಬೆಳ್ಳಗೆ ಮಾಡಿದವು. ಲೆ ಗ್ವಿನ್ ಇದರ ಬಗ್ಗೆ ಬಹಿರಂಗವಾಗಿ ಬೇಸರ ತೋಡಿಕೊಂಡಿದ್ದಾರೆ. ಹಾಗಾಗಿ ನಾನು ಮೊದಲು ಕೂತದ್ದೇ ಬಣ್ಣ ಕಲಸಲು. ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದಿಗೆ ಚೂರು ಅಲ್ಟ್ರಾಮರೀನ್ ನೀಲಿ ಸೇರಿಸಿದರೆ ತಾಮ್ರದ ಛಾಯೆಯ ಕಂದು ಸಿಗುತ್ತದೆ. ನೆರಳಿಗೆ ಕಪ್ಪು ಹಾಕಿದರೆ ಮೈ ಕೊಳೆಯಾದ ಹಾಗೆ ಕಾಣುತ್ತದೆ. ನೀಲಿಯನ್ನೇ ಸ್ವಲ್ಪ ಜಾಸ್ತಿ ಮಾಡಿದರೆ ಸಮುದ್ರದ ಬೆಳಕು ಕೆನ್ನೆಯ ಮೇಲೆ ಬಿದ್ದ ಹಾಗಿರುತ್ತದೆ. ಮುಖ ಇನ್ನೂ ಗೊತ್ತಿಲ್ಲದಿದ್ದರೂ ಬಣ್ಣ ಗೊತ್ತಾದ ಮೇಲೆ ಹುಡುಗ ಹತ್ತಿರ ಬಂದ.

ಡ್ರ್ಯಾಗನ್‌ಗೆ ಅದು ಸಾಲಲಿಲ್ಲ. ಪೆಂಡರ್ ದ್ವೀಪದಲ್ಲಿ ಗೆಡ್ ಗೋಪುರ ಅಂದುಕೊಂಡು ನೋಡುತ್ತಿರುವಾಗ ಅದರ ಒಂದು ಬದಿ ಕೈ ಮೂಡಿದ ಹಾಗೆ ಉಬ್ಬಿ ಹೊರಬರುತ್ತದೆ. ಅದೇ ಡ್ರ್ಯಾಗನ್. ಇಡೀ ವರ್ಷದ ಓದಿನಲ್ಲಿ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ. ಆದರೆ ಕಲ್ಲು ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಗಬೇಕು? ತಲೆಯಿಂದ ಊಹಿಸಿ ಬಿಡಿಸಿದರೆ ಗೋಡೆಗೆ ಹಲ್ಲಿ ಅಂಟಿದ ಹಾಗಿತ್ತು.

ಇಲ್ಲಿ ಗರ್ನಿ ಕೆಲಸಕ್ಕೆ ಬಂದರು. 2009ರ ಆ ಪುಸ್ತಕ ಇರುವುದೇ, ಇಲ್ಲದ ವಸ್ತುಗಳನ್ನು ಇದ್ದ ಹಾಗೆ ಹೇಗೆ ಬಿಡಿಸಬೇಕು ಅನ್ನುವುದರ ಬಗ್ಗೆ. ಅವರ ಒಂದು ಮುಖ್ಯ ಸಲಹೆ: ಪ್ರಾಣಿಯ ಸಣ್ಣ ಮಾದರಿ ಮಾಡಿ, ದೀಪ ಹಿಡಿದು, ನೋಡಿ ಬಿಡಿಸಿ. ನಾನು ತಂತಿಯ ಎಲುಬು ಮಾಡಿ ಮೇಲೆ ಜೇಡಿಮಣ್ಣು ಮೆತ್ತಿದೆ. ಎಲ್ಲಾ ಕೂಡಿಬಂದದ್ದು ಬಾವಲಿಯದನ್ನು ನೋಡಿಕೊಂಡು ರೆಕ್ಕೆ ಮಾಡುವಾಗ. ಬಾವಲಿಯ ರೆಕ್ಕೆ ಅಂದರೆ ಒಂದು ಕೈ, ಅಷ್ಟೇ. ನಾಲ್ಕು ಬೆರಳು ಉದ್ದ ಬೆಳೆದು ಚರ್ಮ ಹಿಡಿದಿವೆ, ಹೆಬ್ಬೆರಳು ಮಾತ್ರ ಉಗುರಿನ ಜೊತೆ ಬಿಡಿಯಾಗಿದೆ. ಮಡಿಕೆಗಳೆಲ್ಲ ಮಣಿಕಟ್ಟಿನಿಂದ ಹೊರಡಬೇಕು. ನನ್ನ ಹಳೆಯ ಡ್ರ್ಯಾಗನ್‌ಗಳಲ್ಲಿ ಅವು ಬೆನ್ನಿನಿಂದ ಹೊರಡುತ್ತಿದ್ದವು, ಅದಕ್ಕೇ ರೆಕ್ಕೆ ಕೊಡೆಯಂತೆ ಕಾಣುತ್ತಿತ್ತು. ತೆಳು ಕಾಗದ ಅಂಟಿಸಿ ಹಿಂದಿನಿಂದ ಟಾರ್ಚ್ ಬಿಟ್ಟಾಗ ಬೆರಳೆಲುಬು ಕಪ್ಪಾಗಿ, ಚರ್ಮ ಬೆಚ್ಚಗೆ ಹೊಳೆಯಿತು. ಜಲವರ್ಣದಲ್ಲಿ ಅದಕ್ಕೆ ಮೊದಲು ಇಡೀ ರೆಕ್ಕೆಗೆ ಕಿತ್ತಳೆ ತೆಳುವಾಗಿ ಹರಿಸಿ, ಒಣಗಿದ ಮೇಲೆ ಎಲುಬು ಎಳೆಯಬೇಕು. ಕ್ರಮ ತಪ್ಪಿದರೆ ಎಲುಬು ಕರಗಿ ಹರಿಯುತ್ತದೆ.

ಮಾದರಿಯನ್ನು ಮಣ್ಣಿನದೇ ಒಂದು ಗೋಪುರಕ್ಕೆ ಒರಗಿಸಿ ಒಂದೇ ಬದಿಯಿಂದ ದೀಪ ಇಟ್ಟೆ. ಎರಡರ ನೆರಳೂ ಒಂದಾಗಿ ಹೋದವು. ಕಲ್ಲು, ಮೈ ಬೇರೆ ಮಾಡುವ ಗೆರೆಯೇ ಬೇಕಿರಲಿಲ್ಲ. ಆ ಚಿತ್ರವೇ ಈ ವರ್ಷದ ನನ್ನ ಅತ್ಯುತ್ತಮ ಚಿತ್ರ.

ಹಾಗಂತ ಗರ್ನಿಯನ್ನು ಇಷ್ಟದ ಓದು ಅನ್ನಲಾರೆ. ಅದು ಮೇಜಿನ ಮೇಲೆ ತೆರೆದಿಟ್ಟುಕೊಳ್ಳುವ ಪುಸ್ತಕ, ಮಲಗಿಕೊಂಡು ಓದುವುದಲ್ಲ. ಒಂದು ಬೇಕೇಬೇಕು ಅಂದರೆ ನಾನು ಉಳಿಸಿಕೊಳ್ಳುವುದು ಅರ್ಥ್‌ಸೀ. ಓದಿಗೂ ಅದೇ, ಚಿತ್ರಕ್ಕೂ ಅದೇ. ಬೇಗ ಫಲ ಬೇಕು, ಕೈಯಲ್ಲಿ ಶಾಯಿ ಪೆನ್ನು ಇದೆ, ಕಟ್ಟಡ ಇಷ್ಟ ಅನ್ನುವವರು ಪೀಕ್ ಕಡೆ ಹೋಗಲಿ. ಕೂತ ದಿನವೇ ಏನಾದರೂ ಸಿಗುತ್ತದೆ. ಲೆ ಗ್ವಿನ್ ಕಾಯಿಸುತ್ತಾರೆ, ಮಣ್ಣು ಕಲಸಿಸುತ್ತಾರೆ.

ಅರ್ಥ್‌ಸೀ ತೆಗೆದುಕೊಳ್ಳುವವರಿಗೆ ಒಂದು ಸೂಚನೆ. 2018ರಲ್ಲಿ ಎಲ್ಲಾ ಕಥೆಗಳೂ ಸೇರಿದ ದೊಡ್ಡ ಸಂಪುಟ ಬಂದಿದೆ, ಚಾರ್ಲ್ಸ್ ವೆಸ್ ಅವರ ಚಿತ್ರಗಳೊಂದಿಗೆ. ಡ್ರ್ಯಾಗನ್ ಹೇಗಿರಬೇಕು ಅಂತ ಲೆ ಗ್ವಿನ್ ಜೊತೆ ಮಾತಾಡಿ, ತಿದ್ದಿ ತಿದ್ದಿ ಬರೆದ ಚಿತ್ರಗಳು ಅವು. ತುಂಬಾ ಚೆನ್ನಾಗಿವೆ, ಅದೇ ತೊಂದರೆ. ಬರೀ ಪಠ್ಯ ಇರುವ ಅಗ್ಗದ ಪ್ರತಿ ಮೊದಲು ಓದಿ, ನಿಮ್ಮ ಡ್ರ್ಯಾಗನ್ ಬಿಡಿಸಿ ಮುಗಿಸಿ, ಆಮೇಲೆ ಆ ಸಂಪುಟ ತೆರೆಯಿರಿ.