ಶಾರ್ಕ್ ಟ್ಯಾಂಕಿನ ಮೇಲಿನ ಸಾಲು: ಸ್ಯಾನ್ ಹೋಸೆಯ ಎಸ್‌ಎಪಿ ಸೆಂಟರ್‌ನಲ್ಲಿ ಐಸ್ ಹಾಕಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಎಸ್‌ಎಪಿ ಸೆಂಟರ್‌ಗೆ ನಾನು 2018ರ ಅಕ್ಟೋಬರ್‌ನಿಂದ ಹೋಗುತ್ತಿದ್ದೇನೆ. ಮೊದಲು ಬಿಡಿ ಟಿಕೆಟ್‌ಗಳಲ್ಲಿ, ನಂತರ ಸಹೋದ್ಯೋಗಿಯೊಬ್ಬರ ಜೊತೆ ಹಂಚಿಕೊಂಡ ಸೀಸನ್ ಟಿಕೆಟ್‌ನಲ್ಲಿ, ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಐಸ್ ಹಾಕಿ ತಂಡವಾದ ಸ್ಯಾನ್ ಹೋಸೆ ಶಾರ್ಕ್ಸ್‌ನ ಆಟಗಳನ್ನು ಬಹುತೇಕ ಒಂದೇ ಕಡೆ ಕುಳಿತು ನೋಡಿದ್ದೇನೆ: ಎರಡನೆಯ ಹಂತದಲ್ಲಿ, ಗೋಲಿನ ಹಿಂಬದಿಯಲ್ಲಿ, ಚಾವಣಿಗೆ ಹತ್ತಿರ. ಬೇ ಏರಿಯಾದಲ್ಲಿ ನೆಲೆಸಿರುವ ಎಷ್ಟೋ ಕನ್ನಡಿಗರು ಈ ಕಟ್ಟಡದ ಮಗ್ಗುಲಲ್ಲೇ ದಿನವೂ ಕಾರಿನಲ್ಲಿ ಹಾದುಹೋಗುತ್ತಾರೆ, ಆದರೆ ಒಳಗೆ ಕಾಲಿಟ್ಟಿಲ್ಲ. ‘ಆ ಆಟ ನಮಗೆ ತಿಳಿಯುವುದಿಲ್ಲ, ಅದರ ಮೇಲೆ ಟಿಕೆಟ್ ದುಬಾರಿ’ ಎನ್ನುವ ಮಾತನ್ನು ಹಲವರಿಂದ ಕೇಳಿದ್ದೇನೆ. ಅವರಿಗಾಗಿಯೇ ಈ ವಿಮರ್ಶೆ. ಆಟ ತಿಳಿಯಬೇಕಾದರೆ ಅಗ್ಗದ ಸೀಟೇ ಒಳ್ಳೆಯದು ಎಂಬುದು ನನ್ನ ಅನುಭವ.

ಕ್ರೀಡಾಂಗಣ ತೆರೆದದ್ದು 1993ರಲ್ಲಿ. ತಂಡ ಹುಟ್ಟಿದ್ದು ಅದಕ್ಕೂ ಮುಂಚೆ, 1991ರಲ್ಲಿ. ಮೊದಲ ಎರಡು ವರ್ಷ ಅದು ಡೇಲಿ ಸಿಟಿಯ ಕೌ ಪ್ಯಾಲೇಸ್ ಎಂಬ ಹಳೆಯ ಸಭಾಂಗಣದಲ್ಲಿ ಆಡಿತು. 1992–93ರ ಸೀಸನ್‌ನಲ್ಲಿ 71 ಪಂದ್ಯಗಳನ್ನು ಸೋತಿದ್ದ ಅದೇ ತಂಡ ಹೊಸ ಮನೆಗೆ ಬಂದ ವರ್ಷವೇ ಪ್ಲೇಆಫ್ ತಲುಪಿ, ಮೊದಲ ಸುತ್ತಿನಲ್ಲಿ ಬಲಾಢ್ಯ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡವನ್ನು ಏಳು ಪಂದ್ಯಗಳ ಸರಣಿಯಲ್ಲಿ ಹೊರಗೆ ಹಾಕಿತು. ಕಟ್ಟಡದ ಮೇಲಿನ ಹೆಸರು ಪ್ರಾಯೋಜಕರ ಜೊತೆಗೆ ಬದಲಾಗುತ್ತ ಬಂದಿದ್ದರೂ ಅಭಿಮಾನಿಗಳ ಬಾಯಲ್ಲಿ ಅದು ಎಂದೆಂದಿಗೂ ಶಾರ್ಕ್ ಟ್ಯಾಂಕ್. ಸುಮಾರು 17,500 ಜನ ಹಿಡಿಯುತ್ತಾರೆ. ಡಿರಿಡಾನ್ ರೈಲು ನಿಲ್ದಾಣ ರಸ್ತೆಯ ಆಚೆ ಬದಿಗೇ ಇರುವುದರಿಂದ ಕ್ಯಾಲ್‌ಟ್ರೇನ್‌ನಲ್ಲಿ ಬಂದು ಇಳಿದರೆ ಪಾರ್ಕಿಂಗ್ ಚಿಂತೆಯೇ ಇಲ್ಲ. ಸನಿವೇಲ್‌ನಿಂದ ನಾನು ಹೋಗುವುದು ಹಾಗೆಯೇ.

ಈಗ ಸೀಟಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೇಳಬೇಕಾದದ್ದು ಹೆಚ್ಚು ಇರುವುದು ಅಲ್ಲಿಯೇ. ನಾನು ಕೊಡಗಿನ ಗೋಣಿಕೊಪ್ಪಲಿನವಳು. ಹಾಕಿ ಎಂದರೆ ನಮಗೆ ಹುಲ್ಲು, ಮಣ್ಣು, ಮಳೆ ಬಿಟ್ಟ ಮೇಲಿನ ಮೈದಾನ. 1997ರಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಶುರುವಾದಾಗ ನಾನು ಶಾಲಾ ಹುಡುಗಿ. ಸ್ಟಿಕ್ಕಿನ ಚಪ್ಪಟೆ ಮುಖದಿಂದ ಮಾತ್ರ ಚೆಂಡನ್ನು ಮುಟ್ಟಬೇಕೆಂಬ ನಿಯಮ ನನ್ನ ಕೈಗೇ ಅಂಟಿಹೋಗಿತ್ತು. ಇಲ್ಲಿ ಸ್ಟಿಕ್ಕಿನ ಎರಡೂ ಬದಿ ಬಳಸಬಹುದು, ಗೋಲಿನ ಹಿಂದೆಯೂ ಆಡಬಹುದು, ಸುತ್ತಲಿನ ಗೋಡೆಗೆ ಪಕ್ ಎಂಬ ಬಿಲ್ಲೆಯನ್ನು ಹೊಡೆದು ಅದು ತಿರುಗಿ ಬರುವ ಕೋನವನ್ನೇ ಪಾಸ್ ಮಾಡಿಕೊಳ್ಳಬಹುದು. ಆದ್ದರಿಂದ ಮೊದಲ ಪಂದ್ಯದಲ್ಲಿ, ಗಾಜಿನ ಪಕ್ಕದ ನಾಲ್ಕನೆಯ ಸಾಲಿನಲ್ಲಿ, ತಿಂಗಳ ಉಳಿತಾಯವನ್ನೇ ಸುರಿದು ಕೊಂಡ ಸೀಟಿನಲ್ಲಿ ಕುಳಿತ ನನಗೆ ಕಂಡದ್ದು ಬೆನ್ನುಗಳು, ಹೆಲ್ಮೆಟ್‌ಗಳು ಮತ್ತು ದಡಬಡ ಸದ್ದು ಮಾತ್ರ. ಆ ಸದ್ದು ಅದ್ಭುತವಾದದ್ದು ನಿಜ. ನೂರು ಕಿಲೋ ತೂಕದ ಮನುಷ್ಯ ಗೋಡೆಗೆ ಅಪ್ಪಳಿಸಿದಾಗ ಗಾಜು ಅಲುಗುವುದನ್ನು ಟಿವಿಯಲ್ಲಿ ನೋಡಿ ಊಹಿಸಲು ಆಗುವುದಿಲ್ಲ. ಆದರೆ ಆಟ ಕಾಣಿಸಲಿಲ್ಲ.

ಮೇಲಿನ ಸಾಲಿಗೆ ಹೋದ ದಿನ ಕಾಣಿಸಿತು. 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಹಾಸು ಒಂದೇ ನೋಟಕ್ಕೆ ಸಿಗುತ್ತದೆ. ಗೋಲಿಯನ್ನು, ಅಂದರೆ ಗೋಲು ಕಾಯುವವನನ್ನು, ಬಿಟ್ಟು ಐವರು ಆಟಗಾರರು ಹೇಗೆ ಒಟ್ಟಿಗೆ ಹರಡಿ ಒಟ್ಟಿಗೆ ಮುದುಡುತ್ತಾರೆ ಎನ್ನುವುದು ತಿಳಿಯುತ್ತದೆ. ಆಟಗಾರರು ಹೆಚ್ಚುಕಡಿಮೆ 45 ಸೆಕೆಂಡಿಗೊಮ್ಮೆ ಬೆಂಚಿಗೆ ಮರಳಿ, ಹೊಸಬರು ಆಟ ನಿಲ್ಲದಂತೆಯೇ ಗೋಡೆ ಹಾರಿ ಇಳಿಯುತ್ತಾರೆ. ಎರಡೂ ತಂಡಗಳ ಬೆಂಚು ಒಂದೇ ಬದಿಯಲ್ಲಿರುವುದರಿಂದ ಆಟದ ಮೂರು ಭಾಗಗಳಾದ ಪೀರಿಯಡ್‌ಗಳಲ್ಲಿ ಮೊದಲನೆಯ ಮತ್ತು ಮೂರನೆಯದರಲ್ಲಿ ಪ್ರತಿ ತಂಡದ ಬೆಂಚು ಅದರ ಗೋಲಿಗೆ ಹತ್ತಿರ, ಬದಿ ಬದಲಾಗುವ ಎರಡನೆಯ ಪೀರಿಯಡ್‌ನಲ್ಲಿ ದೂರ. ದಣಿದ ರಕ್ಷಣಾ ಆಟಗಾರರು ಬೆಂಚು ಮುಟ್ಟಲಾಗದೆ ತಮ್ಮ ಗೋಲಿನ ಮುಂದೆಯೇ ಸಿಕ್ಕಿಬೀಳುತ್ತಾರೆ, ಹಾಗಾಗಿ ಎರಡನೆಯ ಪೀರಿಯಡ್‌ನಲ್ಲಿ ಗೋಲುಗಳು ಹೆಚ್ಚು. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಪಕ್ಕದ ಸೀಟಿನ ವಯಸ್ಸಾದ ಹೆಂಗಸೊಬ್ಬರು, ಕೌ ಪ್ಯಾಲೇಸ್ ಕಾಲದಿಂದ ತಂಡದ ಹಿಂದೆ ಬಿದ್ದವರು, ಒಬ್ಬ ಆಟಗಾರನ ಸೋತ ಕಾಲುಗಳ ಕಡೆ ಬೆರಳು ತೋರಿಸಿ, ಅವನನ್ನೇ ನೋಡುತ್ತಿರು ಎಂದರು. ಹತ್ತು ಸೆಕೆಂಡಿನಲ್ಲಿ ಅವನ ಕಡೆಯಿಂದಲೇ ಗೋಲು ಬಿತ್ತು.

ಗೋಲಿನ ಹಿಂಬದಿಯ ಸೀಟಿಗೆ ಒಂದು ಕೊರತೆ ಇದೆ ಎಂದು ಹಲವರು ಹೇಳುವುದು ಬಲೆಯ ಬಗ್ಗೆ. 2002ರಲ್ಲಿ ಬೇರೊಂದು ಊರಿನ ಪಂದ್ಯದಲ್ಲಿ ಪಕ್ ಬಡಿದು ಒಬ್ಬ ಬಾಲಕಿ ತೀರಿಕೊಂಡ ನಂತರ ಲೀಗ್ ಎಲ್ಲ ಕ್ರೀಡಾಂಗಣಗಳಲ್ಲೂ ಗೋಲಿನ ಹಿಂದೆ ಎತ್ತರದ ಬಲೆ ಕಟ್ಟಿಸಿತು. ಪಕ್ ಎಂದರೆ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ, ಪುಟಿಯದಿರಲೆಂದು ಅದನ್ನು ಆಟಕ್ಕೆ ಮುಂಚೆ ಹೆಪ್ಪುಗಟ್ಟಿಸಿರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಬಲೆಯ ಹಿಂದೆ ಕುಳಿತುಕೊಳ್ಳುವುದೇ ಸರಿ. ಐದು ನಿಮಿಷದಲ್ಲಿ ಕಣ್ಣು ಆ ನೂಲುಗಳನ್ನು ಮರೆತುಬಿಡುತ್ತದೆ.

ಇನ್ನು ಒಳಗಿನ ಸಂಭ್ರಮ. ಆಟ ಶುರುವಾಗುವ ಮುನ್ನ ದೀಪಗಳು ಆರಿ, ಚಾವಣಿಯಿಂದ 17 ಅಡಿ ಎತ್ತರದ ಶಾರ್ಕ್ ತಲೆಯೊಂದು ಹಿಮದ ಮೇಲೆ ಇಳಿಯುತ್ತದೆ. ಕಣ್ಣು ಕೆಂಪಗೆ ಉರಿಯುತ್ತಿರುತ್ತದೆ, ಹೊಗೆ ತುಂಬಿದ ಆ ಬಾಯಿಯೊಳಗಿಂದ ಆಟಗಾರರು ಒಬ್ಬೊಬ್ಬರಾಗಿ ಜಾರಿ ಬರುತ್ತಾರೆ. ಎದುರಾಳಿಗೆ ಪೆನಾಲ್ಟಿಯಾಗಿ, ಅವರ ಒಬ್ಬ ಆಟಗಾರ ಹೊರಗೆ ಕುಳಿತು ನಮ್ಮವರು ಒಬ್ಬ ಹೆಚ್ಚಾಗಿ ಆಡುವ ಪವರ್ ಪ್ಲೇ ನಮಗೆ ಸಿಕ್ಕಿತೆಂದರೆ ‘ಜಾಸ್’ ಸಿನಿಮಾದ ಎರಡೇ ಸ್ವರಗಳ ಆ ಹೆಸರಾಂತ ಶಾರ್ಕ್ ಸಂಗೀತ ಮೊಳಗಿ, ಇಡೀ ಸಭಾಂಗಣ ಎರಡು ಕೈಗಳನ್ನು ದವಡೆಯಂತೆ ತೆರೆದು ಮುಚ್ಚುತ್ತದೆ. ನಮ್ಮ ಊರಿನ ಜಾತ್ರೆಯಲ್ಲಿ ತೇರು ಕದಲಿದಾಗ ಜನರಲ್ಲಿ ಏಳುವ ಆ ಒಂದೇ ಉಸಿರು ನನಗೆ ಇಲ್ಲಿ ನೆನಪಾಗುತ್ತದೆ. ಇಷ್ಟಾದರೂ ನಾನು ಹೆಚ್ಚು ಇಷ್ಟಪಡುವುದು ಸಂಗೀತವಿಲ್ಲದ ಗಳಿಗೆಯನ್ನು: ಆಟ ಮತ್ತೆ ಶುರುಮಾಡುವ ಫೇಸ್‌ಆಫ್‌ಗೆ ಇಬ್ಬರು ಬಗ್ಗಿ ನಿಂತಾಗ ಮೇಲಿನ ಸಾಲಿನವರೆಗೂ ಕೇಳಿಸುವ ಸ್ಕೇಟಿನ ಕರಕರ, ತೆಂಗಿನಕಾಯಿ ತುರಿಯುವಂಥ ಸದ್ದು.

2019ರ ಏಪ್ರಿಲ್ 23ರ ರಾತ್ರಿಯ ಬಗ್ಗೆ ಬರೆಯದೆ ಈ ಕ್ರೀಡಾಂಗಣದ ವಿಮರ್ಶೆ ಪೂರ್ತಿಯಾಗುವುದಿಲ್ಲ. ವೇಗಸ್ ಗೋಲ್ಡನ್ ನೈಟ್ಸ್ ವಿರುದ್ಧದ ಮೊದಲ ಸುತ್ತಿನ ಏಳನೆಯ ಪಂದ್ಯ. ಮೂರನೆಯ ಪೀರಿಯಡ್‌ನಲ್ಲಿ ನಾವು 0–3ರ ಹಿನ್ನಡೆಯಲ್ಲಿದ್ದೆವು. ಫೇಸ್‌ಆಫ್ ಆದ ಕೂಡಲೇ ನಾಯಕ ಜೋ ಪವೆಲ್‌ಸ್ಕಿ ತಲೆ ಬಡಿದು ಬಿದ್ದು, ಹಿಮದ ಮೇಲೆ ರಕ್ತ ಚೆಲ್ಲಿತು. ವೇಗಸ್‌ನ ಕೋಡಿ ಈಕಿನ್‌ಗೆ ಐದು ನಿಮಿಷಗಳ ಪೆನಾಲ್ಟಿ ಬಿತ್ತು. ಸಾಮಾನ್ಯ ಎರಡು ನಿಮಿಷದ ಪೆನಾಲ್ಟಿ ಒಂದು ಗೋಲು ಬಿದ್ದೊಡನೆ ಮುಗಿಯುತ್ತದೆ. ಐದು ನಿಮಿಷದ್ದು ಎಷ್ಟು ಗೋಲು ಬಿದ್ದರೂ ಮುಗಿಯುವುದಿಲ್ಲ. ಲೋಗನ್ ಕೂಟೂರ್, ತೊಮಾಶ್ ಹೆರ್ಟ್ಲ್, ಮತ್ತೆ ಕೂಟೂರ್, ಕೊನೆಗೆ ಕೆವಿನ್ ಲಬಾಂಕ್: ನಾಲ್ಕು ನಿಮಿಷ ಒಂದು ಸೆಕೆಂಡಿನ ಅವಧಿಯಲ್ಲಿ ನಾಲ್ಕು ಗೋಲು. ಆ ಹೊತ್ತು ಸಿಮೆಂಟಿನ ನೆಲ ಕಾಲಡಿಯಲ್ಲಿ ನಡುಗುತ್ತಿದ್ದುದು ನನ್ನ ಅಂಗಾಲಿಗೆ ಇಂದಿಗೂ ನೆನಪಿದೆ. ಕೊನೆಯ ನಿಮಿಷದಲ್ಲಿ ವೇಗಸ್ ಸಮ ಮಾಡಿತು. ಓವರ್‌ಟೈಮ್‌ನಲ್ಲಿ, ಅದುವರೆಗೆ ಹೆಚ್ಚಿನ ಹೊತ್ತು ಬೆಂಚಿನಲ್ಲೇ ಕುಳಿತಿದ್ದ ಬಾರ್ಕ್ಲೇ ಗುಡ್ರೋ ನುಗ್ಗಿ 5–4ರಲ್ಲಿ ಮುಗಿಸಿದ. ಆ ಪೆನಾಲ್ಟಿ ಅಷ್ಟು ದೊಡ್ಡದಾಗಬಾರದಿತ್ತು ಎಂಬುದು ಮರುದಿನ ವಿಡಿಯೋ ನೋಡಿದಾಗ ನನಗೂ ಅನ್ನಿಸಿತು. ಮುಂದಿನ ಸೀಸನ್‌ನಿಂದ ಅಂಥ ದೊಡ್ಡ ಪೆನಾಲ್ಟಿಗಳನ್ನು ರೆಫರಿಗಳು ವಿಡಿಯೋದಲ್ಲಿ ಮರುಪರಿಶೀಲಿಸುವ ನಿಯಮ ಬಂತು. ಅಭಿಮಾನಿಯಾದವಳು ಇದನ್ನೂ ಒಪ್ಪಿಕೊಳ್ಳಬೇಕು.

ಅದಾದ ಮೇಲೆ ಬರಗಾಲ. ಆ ವರ್ಷದ ನಂತರ ತಂಡ ಪ್ಲೇಆಫ್ ಕಾಣದೆ ಸೀಸನ್‌ಗಳು ಉರುಳಿದವು. 2023–24ರಲ್ಲಿ 82 ಪಂದ್ಯಗಳಲ್ಲಿ 19 ಮಾತ್ರ ಗೆದ್ದು ಲೀಗಿನ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಖಾಲಿ ಸೀಟುಗಳ ನಡುವೆ ಕುಳಿತ ಆ ಚಳಿಗಾಲವನ್ನು ನಾನು ಕಳೆದುಹೋದ ಕಾಲವೆಂದು ಎಣಿಸುವುದಿಲ್ಲ. ಗೆಲುವಿನ ಕಾತರ ಇಲ್ಲದಿದ್ದಾಗ ಕಣ್ಣು ಸಣ್ಣಪುಟ್ಟದರ ಮೇಲೆ ನಿಲ್ಲುತ್ತದೆ: ಗೋಲಿ ಪ್ರತಿ ಪೀರಿಯಡ್‌ಗೆ ಮುನ್ನ ತನ್ನ ಅಂಗಳದ ಹಿಮವನ್ನು ಸ್ಕೇಟಿನಿಂದ ಕೆರೆದು ಒರಟು ಮಾಡಿಕೊಳ್ಳುವುದು, ಎಳೆಯ ಆಟಗಾರ ತಪ್ಪು ಪಾಸ್ ಕೊಟ್ಟು ಬೆಂಚಿಗೆ ಬಂದಾಗ ಹಿರಿಯನೊಬ್ಬ ಅವನ ಮಂಡಿಯನ್ನು ಸ್ಟಿಕ್ಕಿನಿಂದ ಮೆಲ್ಲನೆ ತಟ್ಟುವುದು. ಕೊನೆಯ ಸ್ಥಾನದ ತಂಡಕ್ಕೆ ಲಾಟರಿಯಲ್ಲಿ ಸಿಕ್ಕ ಮೊದಲ ಆಯ್ಕೆಯಿಂದಲೇ ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ ಮ್ಯಾಕ್ಲಿನ್ ಸೆಲೆಬ್ರಿನಿ ಬಂದ. ಬಾಲ್ಯದಲ್ಲಿ ಸ್ವಲ್ಪ ಕಾಲ ಇದೇ ಊರಿನ ಜೂನಿಯರ್ ಶಾರ್ಕ್ಸ್‌ನಲ್ಲಿ ಆಡಿದ್ದ ಹುಡುಗ. 18ನೆಯ ವಯಸ್ಸಿನ ಅವನನ್ನು ಮೊದಲ ವರ್ಷ ತಮ್ಮ ಮನೆಯಲ್ಲೇ ಇರಿಸಿಕೊಂಡದ್ದು ತಂಡದ ಮಾಜಿ ತಾರೆ ಜೋ ಥಾರ್ನ್‌ಟನ್ ಅವರ ಕುಟುಂಬ, ಊರಿಂದ ಓದಲು ಬಂದ ನೆಂಟರ ಮಗನನ್ನು ನಾವು ಇರಿಸಿಕೊಳ್ಳುವಂತೆ. ಥಾರ್ನ್‌ಟನ್ ಅವರ 19ನೆಯ ಸಂಖ್ಯೆ ಈಗ ಚಾವಣಿಯಲ್ಲಿ, 1,779 ಪಂದ್ಯಗಳ ದಾಖಲೆಯ ಪ್ಯಾಟ್ರಿಕ್ ಮಾರ್ಲೋ ಅವರ 12ರ ಜೊತೆಗೆ ತೂಗುತ್ತಿದೆ.

ಸೆಲೆಬ್ರಿನಿಯ ಮೊದಲ ಪಂದ್ಯ, 2024ರ ಅಕ್ಟೋಬರ್ 10ರಂದು, ಸೇಂಟ್ ಲೂಯಿ ಬ್ಲೂಸ್ ವಿರುದ್ಧ. ಊರಿನಿಂದ ಬಂದಿದ್ದ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಎಪ್ಪತ್ತು ದಾಟಿದ ಅವರು ಕಡಿದಾದ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿದರು. ಮಂಡಿ ನೋವಿರುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಮೊದಲ ಹತ್ತು ನಿಮಿಷ, “ಚೆಂಡೇ ಕಾಣೋದಿಲ್ಲವಲ್ಲ ಮಗಳೇ” ಎಂದರು. ಆಗಲೇ ಸೆಲೆಬ್ರಿನಿ ತನ್ನ ಮೊದಲ ಗೋಲು ಹೊಡೆದಾಗಿತ್ತು, ಸಭಾಂಗಣ ಎದ್ದು ನಿಂತಿತ್ತು, ಅಪ್ಪ ಮಾತ್ರ ಪಕ್ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದರು. ಮೊದಲ ವಿರಾಮದಲ್ಲಿ ಜಾಂಬೋನಿ ಯಂತ್ರಗಳು ಹಿಮದ ಮೇಲ್ಪದರವನ್ನು ಹೆರೆದು ನೀರು ಹಾಯಿಸಿ ಹೊಳಪು ಮಾಡುವುದನ್ನು ಅವರು, ಗದ್ದೆಯನ್ನು ಮರ ಹೊಡೆದು ಸಮ ಮಾಡುವುದನ್ನು ನೋಡುವ ರೈತನಂತೆ, ಕಣ್ಣು ಕದಲಿಸದೆ ನೋಡಿದರು. ಎರಡನೆಯ ಪೀರಿಯಡ್ ಮುಗಿಯುತ್ತ ಬಂದಾಗ ಅವರಾಗಿಯೇ ಹೇಳಿದರು: “ನೆಲ ಒರಟಾಯ್ತು ನೋಡು, ಪಾಸ್ ನಿಧಾನ ಹೋಗ್ತಾ ಇದೆ. ಈಗ ಉದ್ದಕ್ಕೆ ಕೊಡಬಾರದು.” ಮೂರನೆಯದರಲ್ಲಿ ಅವರು ಪಕ್ಕನ್ನು ಹುಡುಕುವುದನ್ನೇ ಬಿಟ್ಟು ಆಟಗಾರರ ಸೊಂಟ ಯಾವ ಕಡೆ ತಿರುಗುತ್ತದೆ ಎಂಬುದನ್ನು ನೋಡುತ್ತಿದ್ದರು. ನಾವು ಓವರ್‌ಟೈಮ್‌ನಲ್ಲಿ 4–5ರಿಂದ ಸೋತೆವು. ಇಳಿಯುವಾಗ ಅಪ್ಪ, “ನಮ್ಮೂರಲ್ಲಿ ಮರ ಹತ್ತಿ ಕೂತವನಿಗೇ ಆಟ ಚೆನ್ನಾಗಿ ಕಾಣ್ತಿತ್ತು, ಇಲ್ಲೂ ಹಾಗೇ” ಎಂದರು.

ಖರ್ಚಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಟಿಕೆಟ್ ಬೆಲೆ ಎದುರಾಳಿಯ ಮತ್ತು ವಾರದ ಮೇಲೆ ಏರಿಳಿಯುತ್ತದೆ. ವಾರದ ನಡುವಿನ ಪಂದ್ಯಗಳಿಗೆ ಸಾಮಾನ್ಯವಾಗಿ ಕಡಿಮೆ. ಮರುಮಾರಾಟದ ಜಾಲತಾಣವೊಂದರಲ್ಲಿ ನಾನು ಕೊಂಡ ಟಿಕೆಟ್‌ನಲ್ಲಿ ಬೇರೊಬ್ಬರು ಆಗಲೇ ಒಳಗೆ ಹೋಗಿದ್ದರು. ಹಣ ಹಿಂದಿರುಗಲು ಆರು ವಾರ ಹಿಡಿಯಿತು. ಅಂದಿನಿಂದ ತಂಡದ ಅಧಿಕೃತ ಮಾರ್ಗವನ್ನು ಬಿಟ್ಟು ಬೇರೆಲ್ಲೂ ಕೊಳ್ಳುವುದಿಲ್ಲ. ಜೆರ್ಸಿಯ ವಿಷಯವೂ ಹಾಗೆಯೇ. ಆನ್‌ಲೈನ್‌ನಲ್ಲಿ ಯಾರೋ ಅರ್ಧ ಬೆಲೆಗೆ ಮಾರಿದ ಜೆರ್ಸಿ ನನ್ನ ಕೈಗೆ ಬಂದಾಗ ತಂಡದ ಟೀಲ್ ಬಣ್ಣದ ಬದಲು ಹಸಿರು ಹೆಚ್ಚಾಗಿತ್ತು, ಸಂಖ್ಯೆಯ ಹೊಲಿಗೆ ಅಂಕುಡೊಂಕಾಗಿತ್ತು. ಆಟಗಾರರು ತೊಡುವ ದರ್ಜೆಯ ಜೆರ್ಸಿಯ ಒಳಗೆ, ಹಿಂಬದಿಯ ಅಂಚಿನಲ್ಲಿ, ಒಂದು ಗಟ್ಟಿ ಪಟ್ಟಿ ಹೊಲಿದಿರುತ್ತಾರೆ. ಜಗಳದಲ್ಲಿ ಎದುರಾಳಿ ಜೆರ್ಸಿಯನ್ನು ತಲೆಯ ಮೇಲೆ ಎಳೆಯದಂತೆ ಅದನ್ನು ಚಡ್ಡಿಗೆ ಬಿಗಿಯುತ್ತಾರೆ. ಆ ದರ್ಜೆಯದೆಂದು ಯಾರಾದರೂ ಮಾರಿದರೆ ಮೊದಲು ಆ ಪಟ್ಟಿಯನ್ನು ಮುಟ್ಟಿ ನೋಡಿ.

ಊಟವನ್ನು ಮುಗಿಸಿಕೊಂಡೇ ಹೋಗುವುದು ಲೇಸು. ನಾನು ಸನಿವೇಲ್‌ನ ಎಲ್ ಕಮೀನೊ ರಸ್ತೆಯಲ್ಲಿ ದೋಸೆ ತಿಂದು ರೈಲು ಹತ್ತುತ್ತೇನೆ, ಒಳಗೆ ಪಾಪ್‌ಕಾರ್ನ್ ಮಾತ್ರ. ಒಳಗೆ ತಂಪಿರುವುದರಿಂದ ಬೇಸಿಗೆಯ ಸಂಜೆಯಲ್ಲೂ ಸ್ವೆಟರ್ ಬೇಕು.

ತಂಡವನ್ನು 2051ರವರೆಗೆ ಈ ಊರಿನಲ್ಲೇ ಉಳಿಸಿಕೊಂಡು ಕಟ್ಟಡವನ್ನು ನವೀಕರಿಸುವ ಒಪ್ಪಂದಕ್ಕೆ ನಗರಸಭೆ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಕುರ್ಚಿಗಳು, ಪರದೆಗಳು ಹೊಸದಾಗಲಿ. ಮೇಲಿನ ಹಂತದ ಇಳಿಜಾರನ್ನು ಮಾತ್ರ ಮುಟ್ಟದಿರಲಿ ಎಂದು ಆಶಿಸುತ್ತೇನೆ, ಮುಂದೆ ಕುಳಿತವರ ತಲೆ ಅಡ್ಡ ಬಾರದಿರುವುದು ಅದರಿಂದಲೇ. ರಾತ್ರಿ ಹತ್ತಕ್ಕೆ ಪಂದ್ಯ ಮುಗಿದು ಡಿರಿಡಾನ್‌ನ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಗೋಣಿಕೊಪ್ಪಲಿನಲ್ಲಿ ಮರುದಿನದ ಬೆಳಗು ಏರಿರುತ್ತದೆ. ಅಪ್ಪ ಆಗ ಕಾಫಿ ಕುಡಿದು ಕಾಯುತ್ತಿರುತ್ತಾರೆ. ಫೋನಿನಲ್ಲಿ ಅವರು ಮೊದಲು ಕೇಳುವುದು, ಎರಡನೆಯ ಪೀರಿಯಡ್‌ನಲ್ಲಿ ಎಷ್ಟು ಗೋಲು ಬಿತ್ತು ಎಂದು.